ಹೆಸರಿಲ್ಲದ ಸಿಹಿ

ಮಾಘ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಇಂಡಿಯಿಂದ ಸಿಂದಗಿಯತ್ತ ಹೊರಟವನ ಕಣ್ಣಿಗೆ ಮೊದಲು ಬೀಳುವುದು ಜೋಳ ಕೊಯ್ದ ಎರೆಹೊಲ. ಅದರ ನಡುವೆ ಅಲ್ಲಲ್ಲಿ ತಂತಿಯ ಚಪ್ಪರಕ್ಕೆ ಹಬ್ಬಿದ ದ್ರಾಕ್ಷಿಯ ತೋಟಗಳು. ಉತ್ತರದ ಅಂಚಿಗೆ ಭೀಮೆ. ದಕ್ಷಿಣದಲ್ಲಿ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೆರಗಿಗೆ ಕೃಷ್ಣೆ. ಆದರೂ ಬಾಯಾರಿಕೆ ತಪ್ಪದ ಈ ಸೀಮೆಯಲ್ಲಿ ಬಳ್ಳಿ ಕುಡಿಯುವುದು ಕೊಳವೆಯಿಂದ ತೊಟ್ಟಿಕ್ಕುವ ಹನಿಯನ್ನು.

ಇಲ್ಲಿಯ ಮುಖ್ಯ ತಳಿ ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ಬಿಳಿ ದ್ರಾಕ್ಷಿ. 1870ರ ದಶಕದಲ್ಲಿ ಇದನ್ನು ಕ್ಯಾಲಿಫೋರ್ನಿಯದಲ್ಲಿ ಬೆಳೆಸಿದ ವಿಲಿಯಂ ಥಾಮ್ಸನ್‌ನ ಹೆಸರು ಇದಕ್ಕೆ ಅಂಟಿಕೊಂಡಿತು. ಅದಕ್ಕೂ ಬಹು ಹಿಂದೆಯೇ ತುರ್ಕರ ನಾಡಿನಲ್ಲಿ ಇದು ‘ಸುಲ್ತಾನಿಯೆ’ ಎಂದು ಹೆಸರಾಗಿತ್ತು.

ಇದರಿಂದ ದ್ರಾಕ್ಷಾರಸವಾಗದೆ? ಆಗುತ್ತದೆ. ಕ್ಯಾಲಿಫೋರ್ನಿಯ, ಆಸ್ಟ್ರೇಲಿಯಗಳಲ್ಲಿ ಈ ಹಣ್ಣಿನಿಂದ ಅಗ್ಗದ ಬಿಳಿಯ ವೈನನ್ನು ಧಾರಾಳವಾಗಿ ತೆಗೆದದ್ದುಂಟು. ಆದರೆ ವೈನಿನ ಪರಿಮಳದ ಬಹುಪಾಲು ಅಡಗಿರುವುದು ಸಿಪ್ಪೆಯಲ್ಲಿ ಮತ್ತು ಅದಕ್ಕಂಟಿದ ತಿರುಳಿನಲ್ಲಿ. ಈ ಹಣ್ಣಿನದೋ ತೆಳುಸಿಪ್ಪೆ, ಸೌಮ್ಯ ಗಂಧ. ಮೇಲಾಗಿ ಸುಡುಬಿಸಿಲಿನಲ್ಲಿ ಹುಳಿಯೂ ಕರಗಿಹೋಗುತ್ತದೆ. ಹೀಗಾಗಿ ರಸ ಹುದುಗಿ ಮದ್ಯವಾದರೂ ನೆನಪಿನಲ್ಲಿ ಉಳಿಯುವ ರುಚಿಯಾಗುವುದು ಅಪರೂಪ. 2007ರಲ್ಲಿ ನಮ್ಮ ರಾಜ್ಯಕ್ಕೊಂದು ದ್ರಾಕ್ಷಾರಸ ನೀತಿ ಬಂದಿತು; ಕೃಷ್ಣಾ ಕಣಿವೆಯ ಹೆಸರೂ ಅದರ ಜೊತೆಗೆ ಕೇಳಿಬಂದಿತು. ಆದರೂ ಈ ಭಾಗದ ರೈತ ಹೆಚ್ಚಾಗಿ ನೆಚ್ಚಿದ್ದು ಪೀಪಾಯಿಯನ್ನಲ್ಲ, ಬಿಸಿಗಾಳಿಯನ್ನು.

ಅಕ್ಟೋಬರಿನ ಸುಮಾರಿಗೆ ಚಾಟ್ನಿ ಮಾಡಿದ ಬಳ್ಳಿಯ ಹಣ್ಣು ಫೆಬ್ರುವರಿ, ಮಾರ್ಚ್‌ಗಳಲ್ಲಿ ಕೈಗೆ ಬರುತ್ತದೆ. ಸಿಪ್ಪೆಯ ಮೇಣ ಸಡಿಲಾಗಲೆಂದು ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರಡುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಆ ಎರಡು ವಾರ ರೈತನ ಕಣ್ಣೆಲ್ಲ ಮುಗಿಲ ಮೇಲೆ. ಅಕಾಲದ ಮಳೆಯೊಂದು ಬಡಿದರೆ ಹೊನ್ನಹಸಿರಿನ ಕಾಳು ಕಪ್ಪಾಗುತ್ತದೆ. ವರುಷದ ದುಡಿಮೆ ಅರ್ಧ ಬೆಲೆಗೂ ನಿಲ್ಲದೆ ಹೋಗಬಹುದು.

ಇನ್ನೊಂದು ನಷ್ಟವೂ ಉಂಟು. ಒಳ್ಳೆಯ ವೈನಿನ ಶೀಸೆ ತಾನು ಹುಟ್ಟಿದ ಮಣ್ಣಿನ ಹೆಸರನ್ನು ಮೈಮೇಲೆ ಹೊತ್ತು ಲೋಕ ಸುತ್ತುತ್ತದೆ. ನಮ್ಮ ಮಣೂಕವಾದರೋ ಎಷ್ಟೋ ಸಲ ಗಡಿಯಾಚೆಯ ತಾಸಗಾಂವ, ಸಾಂಗ್ಲಿಗಳ ಪೇಟೆಗೆ ಹೋಗಿ, ಅಲ್ಲಿಯ ರಾಶಿಯಲ್ಲಿ ಬೆರೆತು ತನ್ನ ಊರನ್ನು ಮರೆಯುತ್ತದೆ. ಇಂಡಿಯ ನಿಂಬೆಗೆ ಭೌಗೋಳಿಕ ಮಾನ್ಯತೆ ದೊರೆತಿದೆ. ಅದರ ನೆರೆಯಲ್ಲೇ ಬೆಳೆದ ಈ ಸಿಹಿಗೆ ಮಾತ್ರ ಊರಿಲ್ಲ.

ಮುಂದಿನ ಸಲ ಪಾಯಸದ ಬಟ್ಟಲಿನಲ್ಲಿ ಉಬ್ಬಿದ ದ್ರಾಕ್ಷಿಯೊಂದು ನಾಲಗೆಗೆ ಸಿಕ್ಕಾಗ, ವಾಚಕರು ಒಂದು ಕ್ಷಣ ಈ ಎರೆನೆಲವನ್ನು ನೆನೆದಾರೆ?