ಕ್ಲಬ್ಬಿನ ಬಾಗಿಲು, ಸಂಘದ ಜಗಲಿ

ಚೆನ್ನೈ: ಸದಸ್ಯರಾಗಲು ಯಾರು ಅರ್ಹರು? ಪ್ರತಿಯೊಂದು ಸಂಘದ ನಿಯಮಾವಳಿಯಲ್ಲೂ ಇರುವ ಈ ಪ್ರಶ್ನೆಗೆ ಚೆನ್ನೈ ಮಹಾನಗರ ಸುಮಾರು ಎರಡು ಶತಮಾನಗಳಿಂದ ಬಗೆಬಗೆಯ ಉತ್ತರ ನೀಡುತ್ತ ಬಂದಿದೆ.

1832ರಲ್ಲಿ ಸ್ಥಾಪನೆಯಾದ ಮದ್ರಾಸ್ ಕ್ಲಬ್ ಐರೋಪ್ಯ ಪುರುಷರಿಗೆ ಮೀಸಲಾಗಿತ್ತು. ಸ್ವಾತಂತ್ರ್ಯ ಬಂದ ಮೇಲೂ ಹಲವು ವರ್ಷ ಭಾರತೀಯರಿಗೆ ಅಲ್ಲಿ ಸದಸ್ಯತ್ವ ಇರಲಿಲ್ಲ. ಅದಕ್ಕೆ ಉತ್ತರವೆಂಬಂತೆ 1873ರಲ್ಲಿ ಭಾರತೀಯರಿಗೂ ಸ್ಥಾನವಿದ್ದ ಕಾಸ್ಮೋಪಾಲಿಟನ್ ಕ್ಲಬ್ ಹುಟ್ಟಿತು. 1929ರಲ್ಲಿ ಬಂದ ಮದ್ರಾಸ್ ರೋಟರಿಯದು ಮತ್ತೊಂದು ದಾರಿ. 1905ರಲ್ಲಿ ಷಿಕಾಗೊದಲ್ಲಿ ಪಾಲ್ ಹ್ಯಾರಿಸ್ ಆರಂಭಿಸಿದ ರೋಟರಿ, ವೃತ್ತಿ ನೋಡಿ ಸದಸ್ಯರನ್ನು ಆರಿಸಿತು. ಮಹಿಳೆಯರಿಗೆ ಅದರ ಬಾಗಿಲು ಜಗತ್ತಿನಾದ್ಯಂತ ತೆರೆದದ್ದು 1989ರಲ್ಲಿ.

ಕನ್ನಡಿಗರ ಸಂಘಟನೆಯ ಹಿನ್ನೆಲೆ ಬೇರೆ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸ್ ಆಡಳಿತದಲ್ಲೇ ಇದ್ದವು. ಹೈಕೋರ್ಟ್, ಕಾಲೇಜು, ಸರ್ಕಾರಿ ನೌಕರಿ ಎಂದು ಜನ ಇಲ್ಲಿಗೆ ಬಂದರು. ಹೋಟೆಲ್ ಉದ್ಯಮವೂ ಕರಾವಳಿಯವರನ್ನು ಕರೆತಂದಿತು. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂದೆ ಕೋಡಂಬಾಕ್ಕಂ ಸ್ಟುಡಿಯೋಗಳಿಗೆ ಕನ್ನಡ ಚಿತ್ರರಂಗದವರೂ ಬಂದರು. ಹೀಗೆ ಬಂದವರನ್ನು ಒಟ್ಟುಗೂಡಿಸಿದ್ದು ಭಾಷೆ. ತ್ಯಾಗರಾಯನಗರದ ಕರ್ನಾಟಕ ಸಂಘ, ಐನಾವರಂ ಕನ್ನಡ ಸಂಘಗಳಂಥವು ಈ ನೆಲೆಯಲ್ಲಿ ಬೆಳೆದವು. ವಕೀಲರೂ ಹೋಟೆಲ್ ಮಾಣಿಯೂ ಒಂದೇ ಚಾಪೆಯ ಮೇಲೆ ಕೂರಬಹುದಾದ ಜಗಲಿ ಇದು. ಮನೆಮಾತು ತುಳುವೋ ಕೊಂಕಣಿಯೋ ಆದವರಿಗೂ ಇಲ್ಲಿ ಕನ್ನಡವೇ ಕೂಡುಮಾತಾಯಿತು.

ಈಗಿನ ಪ್ರಶ್ನೆ ಮುಂದಿನ ತಲೆಮಾರಿನದು. 2006ರ ತಮಿಳುನಾಡು ತಮಿಳು ಕಲಿಕೆ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಕನ್ನಡ ಮಾತನಾಡಬಲ್ಲರು, ಓದಲಾರರು. ಸರ್ವಸದಸ್ಯರ ಸಭೆಯ ಕನ್ನಡ ಸೂಚನಾಪತ್ರ ಕೈಸೇರಿದರೂ ಅದರಲ್ಲಿ ಏನಿದೆಯೆಂದು ಅವರು ತಂದೆತಾಯಿಯನ್ನೇ ಕೇಳಬೇಕು. ಅಂಥವರು ರಾಜ್ಯೋತ್ಸವಕ್ಕೆ ಅತಿಥಿಗಳಾಗಿ ಬಂದು ಊಟ ಮಾಡಿ ಹೋದರೆ ಸಂಘ ಉಳಿಯದು. ಮತ ಹಾಕುವ, ಪದಾಧಿಕಾರಿಗಳಾಗುವ ಸದಸ್ಯರಾಗಿಯೇ ಅವರು ಬರಬೇಕು.

ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. 1975ರ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆಯಡಿ ವಿಶೇಷ ನಿರ್ಣಯದ ಮೂಲಕ ಉಪವಿಧಿಗಳನ್ನು ತಿದ್ದಬಹುದು. ಕನ್ನಡ ಬಲ್ಲವರಷ್ಟೇ ಅಲ್ಲ, ಕಲಿಯಬಯಸುವವರೂ ಸದಸ್ಯರಾಗಬಹುದು ಎಂದು ಒಂದು ಸಾಲು ಸೇರಿಸಿ, ವಾರಕ್ಕೊಂದು ಅಕ್ಷರಾಭ್ಯಾಸ ತರಗತಿ ನಡೆಸಿದರೆ ಸದಸ್ಯರ ಪಟ್ಟಿಗೆ ಹೊಸ ಹೆಸರುಗಳು ಬಂದಾವು. ಬಾಗಿಲು ಬಿಗಿಮಾಡಿಕೊಂಡ ಹಳೆಯ ಕ್ಲಬ್ಬುಗಳೂ ಕೊನೆಗೆ ನಿಯಮ ಬದಲಿಸಿಯೇ ಬಾಳಿವೆ. ಜಗಲಿಯಾಗಿ ಹುಟ್ಟಿದ ಸಂಘಗಳಿಗೆ ಅದು ಕಷ್ಟವಾಗಬಾರದು.