ವೈಜಾಗ್‌ನಲ್ಲಿ ಸ್ವೆಟರ್ ಯಾಕೆ? ಲೇಸ್ ಹೆಣಿಗೆಯ ಲೆಕ್ಕ, ನರಸಾಪುರದ ಲೆಕ್ಕ

ಈ ವಾರದ ಮಾತನ್ನ ಓದೋಕೆ ಅನುಕೂಲ ಆಗೋ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದ್ದೀನಿ.

ನಾನು ಸ್ವೆಟರ್ ಹೆಣೀತಿದ್ದೀನಿ ಅಂದ್ರೆ ಊರಿನವರು ನಗ್ತಾರೆ. "ವೈಜಾಗ್ ಸಮುದ್ರದ ದಡ, ವಿಜಯವಾಡ ಬೆಂಕಿ, ಅಲ್ಲಿ ಸ್ವೆಟರ್ ಯಾರಿಗೆ?" ಅಂತ. ಎರಡೂ ಊರಲ್ಲಿ ಕೆಲಸ ಮಾಡಿದವರಿಗೆ ಉತ್ತರ ಗೊತ್ತು. ಹೊರಗೆ ಬೆವರು, ಒಳಗೆ ಎಸಿ. ಎಂಟು ಗಂಟೆ ಆ ಗಾಳಿಯ ಕೆಳಗೆ ಕೂತ್ರೆ ಭುಜ ಹಿಡಿದುಕೊಳ್ಳುತ್ತೆ. ಉಣ್ಣೆಯ ದಪ್ಪ ಸ್ವೆಟರ್ ಅಲ್ಲಿ ಹೆಚ್ಚಾಯ್ತು, ದುಪಟ್ಟಾ ಸಾಲಲ್ಲ. ನಡುವಿನ ದಾರಿ ಅಂದ್ರೆ ತೂತು ತೂತಿರುವ ಹಗುರ ಲೇಸ್ ಪುಲ್‌ಓವರ್.

ತೂತು ಅಂದ್ರೆ ಏನು?

ಹೆಣಿಗೆಯಲ್ಲಿ ತೂತು ತಪ್ಪಿನಿಂದಲೂ ಆಗುತ್ತೆ, ಬೇಕಂತಲೂ ಆಗುತ್ತೆ. ಬೇಕಂತ ಮಾಡಿದ್ದು ಲೇಸ್. ಕಡ್ಡಿಯ ಮೇಲೆ ನೂಲನ್ನ ಸುಮ್ಮನೆ ಒಂದು ಸಲ ಸುತ್ತಿ ಮುಂದಕ್ಕೆ ಹೋದ್ರೆ ಅಲ್ಲೊಂದು ತೂತು ಹುಟ್ಟುತ್ತೆ, ಜೊತೆಗೆ ಒಂದು ಕುಣಿಕೆ ಹೆಚ್ಚಾಗುತ್ತೆ. ಅದನ್ನ ಸರಿದೂಗಿಸೋಕೆ ಪಕ್ಕದ ಎರಡು ಕುಣಿಕೆಗಳನ್ನ ಸೇರಿಸಿ ಒಂದಾಗಿ ಹೆಣೀಬೇಕು. ಲೇಸ್‌ನ ಇಡೀ ಗುಟ್ಟು ಇಷ್ಟೇ. ಪ್ರತಿ ತೂತಿಗೂ ಪಕ್ಕದಲ್ಲಿ ಎಲ್ಲೋ ಒಂದು ಕುಣಿಕೆ ಬೆಲೆ ಕಟ್ಟಿರುತ್ತೆ.

ಮೊದಲ ಸಲಕ್ಕೆ ಈ ವಿನ್ಯಾಸ ಸಾಕು. 8 ಕುಣಿಕೆಯ ಒಂದು ಗುಂಪು, 8 ಸಾಲಿನ ಒಂದು ಆವರ್ತ:

1ನೇ ಸಾಲು: ನೂಲು ಸುತ್ತಿ, 2 ಸೇರಿಸಿ, 6 ಸಾದಾ.
2, 3, 4: ಪೂರ್ತಿ ಸಾದಾ.
5ನೇ ಸಾಲು: 4 ಸಾದಾ, ನೂಲು ಸುತ್ತಿ, 2 ಸೇರಿಸಿ, 2 ಸಾದಾ.
6, 7, 8: ಪೂರ್ತಿ ಸಾದಾ.

ಪ್ರತಿ 8 ಕುಣಿಕೆಗೆ ಒಂದು ಬಣ್ಣದ ಉಂಗುರ ಹಾಕಿ. ಸಾಲು ಮುಗಿದಾಗ ಎರಡು ಉಂಗುರದ ನಡುವೆ 7 ಅಥವಾ 9 ಬಂದ್ರೆ ತಪ್ಪು ಆ ಗುಂಪಲ್ಲೇ ಇದೆ, ಇಡೀ ಸಾಲು ಹುಡುಕಬೇಕಿಲ್ಲ. 16 ಸಾಲಿಗೊಮ್ಮೆ ಬೇರೆ ಬಣ್ಣದ ತೆಳು ದಾರವನ್ನ ಎಲ್ಲಾ ಕುಣಿಕೆಗಳ ಒಳಗೆ ಸೂಜಿಯಿಂದ ಹಾಯಿಸಿಬಿಡಿ. ಆಮೇಲೆ ಎಡವಿದ್ರೆ ಆ ದಾರದವರೆಗೆ ಮಾತ್ರ ಬಿಚ್ಚಿದ್ರೆ ಆಯ್ತು. ನಮ್ಮ ಕೋಡ್ ಕಮಿಟ್ ಇದ್ದ ಹಾಗೆ.

ನೂಲು 100 ಗ್ರಾಂಗೆ ಸುಮಾರು 400 ಮೀಟರ್ ಬರುವಷ್ಟು ತೆಳು ಇರಲಿ. ಮಧ್ಯಮ ಅಳತೆಗೆ 300 ಗ್ರಾಂ ಇಟ್ಟುಕೊಳ್ಳಿ. ಕಡ್ಡಿ 4 ಮಿ.ಮೀ., ವೃತ್ತಾಕಾರದ್ದು. ಪೂರ್ತಿ ಹತ್ತಿ ತಂಪು, ಆದ್ರೆ ಭಾರ. ಎಳೆದರೆ ವಾಪಸ್ ಬರಲ್ಲ. ಉಣ್ಣೆ ಬೆರೆತ ಹತ್ತಿ ಈ ಕರಾವಳಿಗೆ ಸರಿ. ಕುತ್ತಿಗೆಯಿಂದ ಕೆಳಕ್ಕೆ ಹೆಣೀರಿ, ನಡುನಡುವೆ ತೊಟ್ಟು ನೋಡಬಹುದು. ಭುಜದ ಭಾಗ ಸಾದಾ ಇಟ್ಟು, ಕಂಕುಳಿನ ಕೆಳಗೆ ಮಾತ್ರ ಲೇಸ್ ಹಾಕಿ.

ನಾನು ಮಾಡಿದ ತಪ್ಪು

ಎಂಟೆಕ್ ಓದಿದ್ದೀನಿ, ಆದ್ರೂ ಸ್ಯಾಂಪಲ್ ತೊಳೀಲಿಲ್ಲ. ಹೆಣೆದ ತುಂಡಲ್ಲಿ 10 ಸೆಂ.ಮೀ.ಗೆ 24 ಕುಣಿಕೆ ಇತ್ತು. ನನಗೆ ಬೇಕಾದ ಸುತ್ತಳತೆ 104 ಸೆಂ.ಮೀ. ಗುಣಿಸಿ, 8ರಿಂದ ಭಾಗ ಆಗೋ ಹಾಗೆ 248 ಕುಣಿಕೆ ಇಟ್ಟೆ. ಲೇಸ್ ನೀರಿಗೆ ಬಿದ್ದ ಮೇಲೆ ಅರಳುತ್ತೆ. ತೊಳೆದಾಗ 10 ಸೆಂ.ಮೀ.ಗೆ 22 ಆಯ್ತು. 248 ಭಾಗಿಸು 2.2, ಸುಮಾರು 113 ಸೆಂ.ಮೀ.! ಪುಲ್‌ಓವರ್ ಹೋಗಿ ನೈಟಿ ಆಯ್ತು. ಸರಿಯಾದ ಸಂಖ್ಯೆ 232. ಹಾಗಾಗಿ ಮೊದಲು ಅಂಗೈಗಿಂತ ದೊಡ್ಡ ತುಂಡು ಹೆಣೆದು, ನೆನೆಸಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಪಿನ್ ಹಾಕಿ ಹಾಸಿ ಒಣಗಿಸಿ, ಆಮೇಲೆ ಅಳೀರಿ. ಮುಗಿದ ಸ್ವೆಟರ್‌ಗೂ ಹೀಗೇ. ಹ್ಯಾಂಗರ್‌ಗೆ ಮಾತ್ರ ನೇತು ಹಾಕಬೇಡಿ.

ಬಿಚ್ಚಿ ಮತ್ತೆ ಶುರು ಮಾಡಿದಾಗ ಗಂಟೆ ಲೆಕ್ಕ ಹಾಕಿದೆ. ಕಂಕುಳಿನಿಂದ ಕೆಳಗೆ 36 ಸೆಂ.ಮೀ., ಅಂದ್ರೆ 108 ಸಾಲು. 232 ಗುಣಿಸು 108, 25,056 ಕುಣಿಕೆ. ನನ್ನ ವೇಗ ನಿಮಿಷಕ್ಕೆ 20. ಸುಮಾರು 21 ಗಂಟೆ. ತೋಳು, ಭುಜ, ಬಿಚ್ಚಿದ್ದು ಇದರಲ್ಲಿ ಸೇರಿಲ್ಲ.

ಆಗ ನೆನಪಾಗಿದ್ದು ನರಸಾಪುರ.

ವಿಜಯವಾಡದಲ್ಲಿದ್ದಾಗ ಒಂದು ಮೇಳದಲ್ಲಿ ಕೈಯಲ್ಲಿ ಹಾಕಿದ ಲೇಸ್ ಟೇಬಲ್ ಕ್ಲಾತ್ ನೋಡಿದ್ದೆ. ಚೌಕಾಸಿ ಮಾಡಿ ಮಾಡಿ ಅರ್ಧ ಬೆಲೆಗೆ ಇಳಿಸಿದೆ. ಮಾರುವವರು, "ಖಾಳೀ ಟೈಮ್‌ಲೋ ಚೇಸ್ತಾರಂಡಿ" ಅಂದ್ರು. ಬಿಡುವಿನಲ್ಲಿ ಮಾಡ್ತಾರೆ, ಅದಕ್ಕೇ ಅಗ್ಗ ಅಂತ. ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ನರಸಾಪುರ ಪಶ್ಚಿಮ ಗೋದಾವರಿ ಜಿಲ್ಲೆಯ ಊರು, ಭೀಮವರಂನಿಂದ ಆಚೆ, ಗೋದಾವರಿ ಸಮುದ್ರ ಸೇರುವ ಹತ್ತಿರ. ವೈಜಾಗ್, ವಿಜಯವಾಡ ಎರಡರ ನಡುವಿನ ಕರಾವಳಿ. ಅಲ್ಲಿನದು ಎರಡು ಕಡ್ಡಿಯ ಹೆಣಿಗೆ ಅಲ್ಲ, ಒಂದೇ ಕೊಕ್ಕೆಯ ಕ್ರೋಶಾ. ಗೋದಾವರಿ ಸೀಮೆಗೆ ಇದನ್ನ ತಂದವರು 19ನೇ ಶತಮಾನದ ಕ್ರೈಸ್ತ ಮಿಷನರಿಗಳು. ಕಡ್ಡಿ ಹೆಣಿಗೆಗೆ 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಯಂತ್ರ ಮಾಡಿದ. ಕ್ರೋಶಾ ಇವತ್ತಿಗೂ ಬಹುಮಟ್ಟಿಗೆ ಕೈಕೆಲಸವೇ. ಹೂವು ಹಾಕುವವರು ಒಬ್ಬರು, ಅವನ್ನ ಜೋಡಿಸುವವರು ಇನ್ನೊಬ್ಬರು. ಜೋಡಿಸುವ ಕೆಲಸಕ್ಕೆ ತೆಲುಗಿನಲ್ಲಿ ಅತುಕುಪನಿ ಅಂತಾರೆ.

ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಇಲ್ಲಿನ ಹೆಂಗಸರ ಬಗ್ಗೆ 1982ರಲ್ಲಿ 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್' ಅನ್ನೋ ಪುಸ್ತಕ ತಂದರು. ಅವರ ವಾದ ನೇರ: ಹೊರದೇಶದ ಮಾರುಕಟ್ಟೆಗೆ ದುಡಿಯುವ ಈ ಹೆಂಗಸರನ್ನ ಕೆಲಸಗಾರರು ಅನ್ನದೆ ಗೃಹಿಣಿಯರು ಅಂತ ಕರೆದ ಕಾರಣವೇ ಕೂಲಿಯನ್ನ ಅಷ್ಟು ಕೆಳಗೆ ಇಡೋಕೆ ಸಾಧ್ಯವಾಯ್ತು. ಹೆಸರು ಬಿಡುವಿನ ಕೆಲಸ, ದುಡಿಮೆ ಪೂರಾ ದಿನದ್ದು. 2024ರಲ್ಲಿ ನರಸಾಪುರದ ಲೇಸ್‌ಗೆ ಜಿಐ ಟ್ಯಾಗ್ ಸಿಕ್ಕಿತು. ಅದು ಹೆಸರನ್ನ ಕಾಪಾಡುತ್ತೆ. ಕೂಲಿಯನ್ನ ನಿಗದಿ ಮಾಡೋದು ಅದರ ಕೆಲಸ ಅಲ್ಲ.

ಅವತ್ತಿನ ಟೇಬಲ್ ಕ್ಲಾತ್ ಮೊನ್ನೆ ಹೊರಗೆ ತೆಗೆದು, ಒಂದು ಹೂವಿನ ಕುಣಿಕೆ ಎಣಿಸೋಕೆ ಹೊರಟೆ. ಅರ್ಧಕ್ಕೆ ನಿಲ್ಲಿಸಿದೆ, ನಾಚಿಕೆ ಆಯ್ತು. ನಾವು ಕ್ಲೈಂಟ್‌ಗೆ ಗಂಟೆ ಲೆಕ್ಕದಲ್ಲಿ ಬಿಲ್ ಕಳಿಸೋ ಜನ. ಯಾರಾದ್ರೂ "ಬಿಡುವಲ್ಲಿ ಮಾಡಿದ್ದಲ್ವಾ" ಅಂದ್ರೆ ಒಪ್ತೀವಾ?

ಹಾಗಾಗಿ ಒಂದು ಪುಲ್‌ಓವರ್ ಹೆಣೆದು ನೋಡಿ. ತೊಟ್ಟುಕೊಳ್ಳೋಕೆ ಅಂತ ಹೆಣೀರಿ, ಗಂಟೆಯನ್ನೂ ಬರೆದಿಡಿ. ಮುಂದಿನ ಸಲ ಮೇಳದಲ್ಲಿ ಕೈಕೆಲಸದ ಬೆಲೆ ಕೇಳಿದಾಗ ಆ ಸಂಖ್ಯೆ ನೆನಪಿಗೆ ಬಂದರೆ ಸಾಕು. ನನ್ನದು ತೋಳು ಬಾಕಿ ಇದೆ, ಮುಗಿದಾಗ ತೋರಿಸ್ತೀನಿ. ಬರ್ತೀನಿ, ನಮಸ್ಕಾರ.