ನಕಾಶೆಯೊಳಗೇ ಉತಾರ

ಯಲವಿಗಿಯ ಓದುಗರೊಬ್ಬರು ಕೇಳಿದ್ದಾರೆ: "ಗದಗ–ಯಲವಿಗಿ ಹೊಸ ರೈಲುಮಾರ್ಗದ ಮಾತು ಬಂದಾಗೆಲ್ಲ ಇಂಜಿನಿಯರಿಂಗ್ ಓದೋ ನಮ್ಮ ಹುಡುಗ ‘ಬಿಮ್ ಬಳಸಬೇಕು’ ಅಂತಾನ. ಕಂಪ್ಯೂಟರಿನ್ಯಾಗ ಚಿತ್ರ ಬರದ್ರ ರೈಲು ಲಗೂ ಬರ್ತದೇನ್ರಿ?"

ಬರೀ ಚಿತ್ರದಿಂದ ಬರುವುದಿಲ್ಲ. ಬಿಮ್ ಎಂದರೆ ಬಿಲ್ಡಿಂಗ್ ಇನ್‌ಫರ್ಮೇಶನ್ ಮಾಡೆಲಿಂಗ್. ಇದರಲ್ಲಿ ತೂಕದ ಪದ ನಡುವಿನದು, ಮಾಹಿತಿ.

ಹೊಲದ ಲೆಕ್ಕದಲ್ಲಿ ನೋಡೋಣ. ಸರ್ವೆ ನಕಾಶೆಯಲ್ಲಿ ಗೆರೆಗಳಷ್ಟೇ ಇರುತ್ತವೆ. ಆ ಗೆರೆಯೊಳಗಿನ ಹೊಲ ಯಾರದು, ಎಷ್ಟು ಎಕರೆ, ಏನು ಬೆಳೆ, ಯಾವ ಬ್ಯಾಂಕಿನ ಬೋಜಾ ಇದೆ ಎಂಬುದೆಲ್ಲ ಉತಾರದಲ್ಲಿ. ಅಣ್ತಮ್ಮರು ಪಾಲಾದರೆ ನಕಾಶೆಯೂ ಬದಲಾಗಬೇಕು, ಉತಾರವೂ ಬದಲಾಗಬೇಕು. ಒಂದು ತಿದ್ದಿ ಇನ್ನೊಂದು ಹಾಗೇ ಉಳಿದಾಗ ಹುಟ್ಟುವ ವ್ಯಾಜ್ಯಗಳನ್ನು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ನಕಾಶೆಯ ಗೆರೆ ಸರಿಸಿದ ಕೂಡಲೇ ಉತಾರದ ಎಕರೆ–ಗುಂಟೆ ತಾನೇ ತಿದ್ದಿಕೊಳ್ಳುವಂತಿದ್ದರೆ? ಬಿಮ್ ಮಾಡುವುದು ಅದನ್ನೇ. ಅಲ್ಲಿ ಪ್ರತಿ ಗೆರೆಗೂ ತಾನು ಏನು ಎಂಬುದು ಗೊತ್ತಿರುತ್ತದೆ: ನಾನು ಮೋರಿ, ಕಾಂಕ್ರೀಟಿನದು, ಇಷ್ಟು ಉದ್ದ, ಈ ಒಡ್ಡಿನ ಕೆಳಗಿದ್ದೇನೆ.

ರೈಲು ಒಡ್ಡಿನ ಇಳಿಜಾರು ಸಾಮಾನ್ಯವಾಗಿ ಒಂದಕ್ಕೆ ಎರಡು. ಅಂದರೆ ಒಡ್ಡನ್ನು ಒಂದು ಮೀಟರ್ ಎತ್ತರಿಸಿದರೆ ಬುಡ ಎರಡೂ ಬದಿಗೆ ಎರಡೆರಡು ಮೀಟರ್, ಒಟ್ಟು 4 ಮೀಟರ್ ಹರಡುತ್ತದೆ. ಒಂದು ಕಿಲೋಮೀಟರ್ ಉದ್ದಕ್ಕೆ ಅದು 4,000 ಚದರ ಮೀಟರ್, ಹೆಚ್ಚುಕಡಿಮೆ ಒಂದು ಎಕರೆ! ಕೆಳಗಿನ ಮೋರಿಯ ಉದ್ದವೂ 4 ಮೀಟರ್ ಹೆಚ್ಚಬೇಕು, ಮಣ್ಣಿನ ಲಾರಿಗಳ ಲೆಕ್ಕವೂ ಏರಬೇಕು. ಕಾಗದದ ಕಾಲದಲ್ಲಿ ಒಡ್ಡಿನ ನಕ್ಷೆ ಒಬ್ಬರ ಮೇಜಿನ ಮೇಲೆ, ಮೋರಿಯದು ಇನ್ನೊಬ್ಬರಲ್ಲಿ, ಭೂಸ್ವಾಧೀನದ ಪಟ್ಟಿ ಮತ್ತೊಂದು ಕಚೇರಿಯಲ್ಲಿ. ಯಾರೋ ಒಬ್ಬರಿಗೆ ಸುದ್ದಿ ಮುಟ್ಟದಿದ್ದರೆ ಗಿಡ್ಡ ಮೋರಿ ಕಟ್ಟಿ ಮುಗಿದ ಮೇಲೆಯೇ ತಪ್ಪು ಕಾಣುವುದು. ಬಿಮ್‌ನಲ್ಲಿ ಎತ್ತರ ಬದಲಿಸಿದ ದಿನವೇ ಮೋರಿ ಗಿಡ್ಡವಾಯಿತೆಂದು ಪರದೆ ಹೇಳುತ್ತದೆ. ವಿದ್ಯುತ್ ಕಂಬದ ಅಡಿಪಾಯ ಚರಂಡಿಯ ಮೇಲೆ ಬಿದ್ದರೂ, ಸಿಗ್ನಲ್ ಕೇಬಲ್ ಕೆಳಸೇತುವೆಯ ಗೋಡೆಗೆ ಅಡ್ಡ ಬಂದರೂ ಹಾಗೆಯೇ.

ಯೋಚನೆ ಹಳೆಯದು. 1975ರಲ್ಲಿ ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಇದನ್ನು ಕಟ್ಟಡಗಳಿಗಾಗಿ ವಿವರಿಸಿದ್ದರು: ಒಂದು ಕಡೆ ತಿದ್ದಿದರೆ ಎಲ್ಲ ನಕ್ಷೆಗಳೂ ತಿದ್ದಿಕೊಳ್ಳಬೇಕು. ಆಗಿನ ಕಂಪ್ಯೂಟರುಗಳಿಗೆ ಅಷ್ಟು ಕಸುವಿರಲಿಲ್ಲ. ಭಾರತದ ರೈಲು ಕಾಮಗಾರಿಯಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದದ್ದು ನಾಗಪುರ ಮೆಟ್ರೋ. ಉದ್ದ, ಅಗಲ, ಎತ್ತರದ ಜೊತೆಗೆ ಕಾಲವನ್ನೂ ಖರ್ಚನ್ನೂ ಸೇರಿಸಿದ್ದರಿಂದ ಅದನ್ನು ಐದು ಆಯಾಮದ ಬಿಮ್ ಎನ್ನುತ್ತಾರೆ. ಯಾವ ಕಂಬ ಯಾವ ತಿಂಗಳು ಏಳಬೇಕು, ಅಷ್ಟೊತ್ತಿಗೆ ಎಷ್ಟು ಹಣ ಬೇಕು ಎಂಬುದು ಕಂಬದ ಚಿತ್ರಕ್ಕೇ ಅಂಟಿಕೊಂಡಿರುತ್ತದೆ.

ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ಹಳಿ ಹಾಕಿದಾಗ ಎಲ್ಲವೂ ಕೈಬರಹದ ನಕ್ಷೆಯಲ್ಲೇ ನಡೆಯಿತು. ಹಾಗಾದರೆ ಲಕ್ಷ್ಮೇಶ್ವರದ ಮೇಲೆ ಹಾದು ಬರುವ ಅರವತ್ತು ಕಿಲೋಮೀಟರಿನೊಳಗಿನ ಈ ಮಾರ್ಗಕ್ಕೆ ಬಿಮ್ ಏಕೆ? ನನ್ನ ಉತ್ತರ ಎರೆಮಣ್ಣು. ಈ ಮಣ್ಣಿನ ಜೇಡಿಕಣಗಳ ಪದರಗಳು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತವೆ, ಬೇಸಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತವೆ. ಅದರ ಮೇಲೆ ಹಳಿ ನೆಟ್ಟಗೆ ನಿಲ್ಲಬೇಕೆಂದರೆ ಆ ಮಣ್ಣು ತೆಗೆಯಬೇಕು, ಇಲ್ಲವೇ ಮೇಲೆ ಉಬ್ಬದ ಮಣ್ಣಿನ ಹೊದಿಕೆ ಹಾಕಬೇಕು. ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ಉಬ್ಬದ ಅಂಟುಮಣ್ಣಿನ ಇಂಥ ಹೊದಿಕೆಯನ್ನು ಶೋಧಿಸಿದ್ದು, ಅದನ್ನು ನಮ್ಮ ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಬಳಸಿದ್ದು ನನಗೆ ಯಾವಾಗಲೂ ಹೆಮ್ಮೆಯ ವಿಷಯ. ಎಲ್ಲಿ ಎರೆ ಎಷ್ಟು ಆಳ, ಒಳ್ಳೆಯ ಮಣ್ಣು ಎಲ್ಲಿಂದ ತರಬೇಕು, ಅಗೆದ ಎರೆ ಎಲ್ಲಿಗೆ ಹೋಗಬೇಕು ಎಂಬುದು ಮೊದಲ ಬುಟ್ಟಿ ಮಣ್ಣು ಬೀಳುವ ಮುಂಚೆಯೇ ಮಾದರಿಯಲ್ಲಿ ಕೂತರೆ ಉಳಿತಾಯ ದೊಡ್ಡದು. ಮುಂದೆ ಹಳಿ ಕುಸಿದ ಜಾಗಕ್ಕೆ ಹೋಗುವ ಗ್ಯಾಂಗ್‌ಮನ್‌ಗಳಿಗೂ ಅಡಿಯಲ್ಲಿ ಏನು ತುಂಬಿದ್ದಾರೆಂದು ತಿಳಿದಿರುತ್ತದೆ.

ಆದರೆ ಬಿಮ್ ಬಂದರೆ ವಿಳಂಬವೇ ಇಲ್ಲ ಎನ್ನುವ ಜಾಹೀರಾತುಗಳನ್ನು ನಾನು ನಂಬುವುದಿಲ್ಲ. ಲಂಡನ್ನಿನ ಕ್ರಾಸ್‌ರೈಲ್ ಬಿಮ್ ಬಳಕೆಗೆ ಹೆಸರಾದ ಯೋಜನೆ, 42 ಕಿಲೋಮೀಟರ್ ಹೊಸ ಸುರಂಗ ಕೊರೆದದ್ದು. 2018ರ ಡಿಸೆಂಬರಿನಲ್ಲಿ ತೆರೆಯಬೇಕಿದ್ದದ್ದು ತೆರೆದದ್ದು 2022ರ ಮೇ ತಿಂಗಳಲ್ಲಿ. ಸಿಗ್ನಲ್ ಮತ್ತು ರೈಲಿನ ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ ಬಹಳ ಕಾಲ ಹೋಯಿತು. ಭೂಸ್ವಾಧೀನದ ಪರಿಹಾರವನ್ನೂ ಯಾವ ಮಾದರಿಯೂ ಬಟವಾಡೆ ಮಾಡಿಕೊಡದು.

ಮಾದರಿಯೊಳಗೆ ಹೋಗುವ ಅಳತೆ ಸುಳ್ಳಾದರೆ ಅದರ ಲೆಕ್ಕವೂ ಸುಳ್ಳೇ. ಹಾಗಾಗಿ ಆ ಓದುಗರಿಗೆ ಒಂದು ಕೋರಿಕೆ: ಸರ್ವೆಯವರು ನಿಮ್ಮ ಹೊಲಕ್ಕೆ ಬಂದಾಗ, ದೊಡ್ಡ ಮಳೆಯ ವರ್ಷ ಹಳ್ಳದ ನೀರು ಯಾವ ಬದುವಿನವರೆಗೆ ಏರಿತ್ತು ಎಂದು ಕರೆದೊಯ್ದು ತೋರಿಸಿ, ಬರೆಸಿ. ಆ ಗುರುತು ಮಾದರಿಯೊಳಗೆ ಸೇರಿದರೆ ಮೋರಿಯ ಅಗಲ, ಒಡ್ಡಿನ ಎತ್ತರ ಅಲ್ಲಿಂದಲೇ ಲೆಕ್ಕಕ್ಕೆ ಬರುತ್ತವೆ.